ಅಳೆದು ತೂಗಿ

ಸಾಹಿತ್ಯದ ಅಧ್ಯಾಪಕನೊಬ್ಬ ಅಡುಗೆಮನೆಯ ಲೆಕ್ಕ ಹೇಳಹೊರಟರೆ ಕೇಳುಗರಿಗೆ ಸೋಜಿಗವೆನಿಸಬಹುದು. ಆದರೆ ‘ಅಳೆದು ತೂಗಿ ಮಾತನಾಡು’ ಎಂಬ ನುಡಿಯನ್ನು ಮೂವತ್ತು ವರ್ಷ ತರಗತಿಯಲ್ಲಿ ಬಳಸಿದ ನಾನು, ಅಳೆಯುವುದು ಬೇರೆ ತೂಗುವುದು ಬೇರೆ ಎಂಬುದನ್ನು ಚೆನ್ನಾಗಿ ಅರಿತದ್ದು ನಿವೃತ್ತನಾದ ಮೇಲೆ, ಒಂದು ಹೋಳಿಗೆಯ ನಿಮಿತ್ತ.

ನಮ್ಮ ತಾಯಿಯವರು ಬರೆದಿಟ್ಟ ಅಡುಗೆಯ ಪುಸ್ತಕವೊಂದು ಮನೆಯಲ್ಲಿದೆ. ಅದರಲ್ಲಿ ಗ್ರಾಮಿನ ಸುಳಿವೇ ಇಲ್ಲ. ಎಲ್ಲವೂ ಪಾವು, ಚಟಾಕು. ಹೋಳಿಗೆಗೆ ಒಂದು ಪಾವು ತೊಗರಿಬೇಳೆ, ಒಂದು ಪಾವು ಬೆಲ್ಲ. ಅಮೆರಿಕದಲ್ಲಿರುವ ಮಗಳು ಕಳೆದ ಯುಗಾದಿಗೆ ಅದನ್ನೇ ಅನುಸರಿಸಿ, ಪಾವಿನ ಬದಲು ಅಲ್ಲಿಯ ಕಪ್ಪನ್ನು ಹಿಡಿದಳು. ಹೂರಣ ಸಪ್ಪೆಯಾಯಿತು. ‘ಅಪ್ಪಾ, ಅಜ್ಜಿಯ ಲೆಕ್ಕವೇ ತಪ್ಪಿದೆ’ ಎಂದಳು. ತೀರಿಕೊಂಡವರ ಮೇಲೆ ಬಂದ ಆಪಾದನೆ. ಉತ್ತರ ಹೇಳುವ ಹೊಣೆ ನನ್ನದಾಯಿತು.

ಸೇರು ಎಂಬ ಒಂದೇ ಮಾತು ನಮ್ಮಲ್ಲಿ ಎರಡು ಅರ್ಥದಲ್ಲಿ ನಡೆಯಿತು. ಎಂಬತ್ತು ತೊಲದ ಸೇರು ತೂಕ. ಇಂದಿನ ಲೆಕ್ಕಕ್ಕೆ ಸುಮಾರು 933 ಗ್ರಾಂ. ಧಾನ್ಯ ಅಳೆಯುವ ಸೇರು ಪಾತ್ರೆ. ಅದರ ಕಾಲುಭಾಗ ಪಾವು. 1956ರ ಕಾಯಿದೆ ಹಂತಹಂತವಾಗಿ ಕಿಲೋ, ಲೀಟರುಗಳನ್ನು ತಂದಿತು. ಲೀಟರು ನೀರು ಸುಮಾರು ಒಂದು ಕಿಲೋ ತೂಗುವುದು ಆಕಸ್ಮಿಕವಲ್ಲ. 1795ರಲ್ಲಿ ಫ್ರಾನ್ಸಿನವರು ಗ್ರಾಮನ್ನು ನಿಶ್ಚಯಿಸಿದ್ದೇ ನೀರಿನಿಂದ. ಆದರೆ ನೀರಿನ ನ್ಯಾಯ ಹಿಟ್ಟಿಗೆ ಸಲ್ಲದು.

ಅಟ್ಟದಿಂದ ತಾಯಿಯವರ ಹಿತ್ತಾಳೆಯ ಪಾವನ್ನು ಇಳಿಸಿ ತಕ್ಕಡಿಯ ಮುಂದೆ ಕುಳಿತೆ. ಧಾನ್ಯ ಅಳೆಯುವಾಗ ಹಿರಿಯರು ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದರು. ನಾನೂ ಹಾಗೆಯೇ ಆರಂಭಿಸಿದೆ. ಪಾತ್ರೆಯ ತೂಕ ಕಳೆದು, ನೀರು 240 ಗ್ರಾಂ ಬಂದಿತು. ಮಟ್ಟವಾಗಿ ಸವರಿದ ಅಕ್ಕಿ 200ರ ಆಸುಪಾಸು, ಬೇಳೆಯೂ ಹೆಚ್ಚುಕಡಿಮೆ ಅಷ್ಟೇ. ಮೈದಾಹಿಟ್ಟು ಜರಡಿಯಾಡಿ ಹಗುರವಾಗಿ ತುಂಬಿದರೆ 120. ಒತ್ತಿ ತುಂಬಿದರೆ 150ನ್ನೂ ಮೀರಿತು. ಹಿಟ್ಟಿನ ಕಣಗಳ ನಡುವೆ ಗಾಳಿಯಿದೆ. ಪಾವು ಗಾಳಿಯನ್ನೂ ಅಳೆಯುತ್ತದೆ, ತಕ್ಕಡಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೊನೆಗೆ ಬೆಲ್ಲ. ಕುಟ್ಟಿ ಅದುಮಿದ ಬೆಲ್ಲ 200 ಗ್ರಾಮನ್ನು ದಾಟಿತು. ಉಂಡೆ ಒಡೆದ ತುಂಡುಗಳನ್ನು ಹಾಗೆಯೇ ತುಂಬಿದಾಗ 150ಕ್ಕೆ ನಿಂತಿತು. ಗುಟ್ಟು ಒಡೆಯಿತು. ಮಗಳು ತುಂಡುಗಳನ್ನು ಅಳೆದಿದ್ದಳು. ತಾಯಿಯವರು ಕುಟ್ಟಿ ಅಳೆಯುತ್ತಿದ್ದರು. ಕೈಗೆ ತಿಳಿದಿದ್ದ ಸಂಗತಿಯಾದ್ದರಿಂದ ‘ಕುಟ್ಟಿದ’ ಎಂಬ ಮಾತನ್ನು ಬರೆಯಲಿಲ್ಲ.

ಆ ಪಾವಿನ ಒಂದು ಪಕ್ಕ ತಗ್ಗಿಹೋಗಿದೆ. ಆದರೂ ತಾಯಿಯವರ ಹೋಳಿಗೆ ಕೆಟ್ಟದ್ದಿಲ್ಲ. ಬೇಳೆ ಬೆಲ್ಲಗಳೆರಡನ್ನೂ ಅದೇ ತಗ್ಗಿನ ಪಾತ್ರೆ, ಅದೇ ಕೈ ಅಳೆದುದರಿಂದ ಪ್ರಮಾಣ ಕೆಡಲಿಲ್ಲ. ಪಾತ್ರೆಯೂ ಕೈಯೂ ಬರಹದಿಂದ ಅಗಲಿದಾಗ ಮಾತ್ರ ತೂಕ ಬೇಕಾಗುತ್ತದೆ. ಬರಿಯ ಪದವನ್ನು ಕೊಟ್ಟು ಅದರ ಬಳಕೆಯನ್ನು ಕೊಡದ ನಿಘಂಟಿನ ಕಷ್ಟವೂ ಇದೇ ಅಲ್ಲವೆ?

ಪುಸ್ತಕದ ಅಂಚಿನಲ್ಲಿ, ತಾಯಿಯವರ ಶಾಯಿಯನ್ನು ಮುಟ್ಟದೆ, ಸೀಸದಕಡ್ಡಿಯಿಂದ ಗ್ರಾಮುಗಳನ್ನು ಬರೆದು ಮಗಳಿಗೆ ಕಳುಹಿಸಿದೆ. ವಾರದ ತರುವಾಯ ಉತ್ತರ ಬಂದಿತು: ‘ಅಪ್ಪಾ, ಅಜ್ಜಿಯದು ತಪ್ಪಿಲ್ಲ.’