ಕಣ್ಣಿನ ನರಕ್ಕೂ ರಕ್ತ ಬೇಕು

(ನ್ಯಾಮತಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯರಿಗೆ ನೀಡಿದ ಮಾಹಿತಿ ಭಾಷಣ)



ಇವತ್ತು ಉಳಿತಾಯ-ಸಾಲದ ಪುಸ್ತಕ ಸ್ವಲ್ಪ ಹೊತ್ತು ಮುಚ್ಚಿಟ್ಟು ಕಣ್ಣಿನ ವಿಷಯ ಮಾತಾಡೋಣ.

ಕಣ್ಣು ಮಂಜಾಯ್ತು ಅಂದರೆ ನಮ್ಮ ಕಡೆ ಎಲ್ಲರದ್ದೂ ಒಂದೇ ಮಾತು: "ಪೊರೆ ಬಂದಿರ್ಬೇಕು, ಬಲೀಲಿ ಬಿಡು, ಆಮೇಲೆ ತೆಗೆಸಿದ್ರಾಯ್ತು." ಈ ಧೈರ್ಯ ಸುಮ್ಮನೆ ಬಂದದ್ದಲ್ಲ. ಡಾ. ಎಂ.ಸಿ. ಮೋದಿಯವರು (1916–2005) ಹಳ್ಳಿಹಳ್ಳಿಗೆ ಹೋಗಿ ಶಿಬಿರ ನಡೆಸಿ, 1993ರ ಹೊತ್ತಿಗೆ 6 ಲಕ್ಷಕ್ಕೂ ಹೆಚ್ಚು ಕಣ್ಣಿನ ಆಪರೇಷನ್ ಮಾಡಿದ್ದರು. ಹೋದ ಕಣ್ಣು ಬಂದದ್ದನ್ನು ಜನ ಕಣ್ಣಾರೆ ಕಂಡರು. ಆದರೆ ಎಲ್ಲ ಮಬ್ಬೂ ಪೊರೆಯಲ್ಲ. ಪೊರೆ ಬರುವುದು ಕಣ್ಣಿನ ಮುಂಭಾಗದ ಮಸೂರಕ್ಕೆ, ಅದನ್ನು ಬದಲಾಯಿಸಬಹುದು. ಕಣ್ಣಿನ ಹಿಂದೆ ಇರುವ ನರ ಸತ್ತರೆ ಬದಲಿ ನರ ಹಾಕಲು ಬರುವುದಿಲ್ಲ.

ಈ ನರ ಅಂದರೆ ಸುಮಾರು 10 ಲಕ್ಷ ಸಣ್ಣ ಎಳೆಗಳ ಒಂದು ಕಟ್ಟು. ಕಣ್ಣು ಕಂಡದ್ದನ್ನು ಮೆದುಳಿಗೆ ಮುಟ್ಟಿಸುವುದು ಇದೇ. ಇದರ ಬುಡಕ್ಕೆ ರಕ್ತ ತರುವ ನಾಳಗಳು ಬಹಳ ಸಣ್ಣವು. ಭದ್ರಾ ನಾಲೆಯ ಕೊನೆ ಭಾಗದ ರೈತರ ಪಾಡು ನಿಮಗೆ ಗೊತ್ತಲ್ಲ? ಮೇಲೆ ನೀರು ಕಡಿಮೆಯಾದರೆ ಮೊದಲು ಒಣಗುವುದು ಅವರ ಗದ್ದೆ. ಇಲ್ಲೂ ಹಾಗೇ. ಹರಿವು ಕಡಿಮೆಯಾದಾಗ ನರ ಊದಿಕೊಳ್ಳುತ್ತದೆ. ಅದು ಹಾದು ಬರುವ ಕಿಂಡಿ ಇಕ್ಕಟ್ಟು, ಊದಿದ ನರ ಅದರೊಳಗೆ ತನ್ನನ್ನು ತಾನೇ ಒತ್ತಿಕೊಂಡು ಇನ್ನಷ್ಟು ರಕ್ತ ತಡೆಯುತ್ತದೆ. ಎಳೆಗಳು ಸಾಯುತ್ತವೆ.

ಇದು ಹೆಚ್ಚಾಗಿ 50 ದಾಟಿದವರಿಗೆ ಬರುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರಿಗೆ, ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾಗುವವರಿಗೆ ಅಪಾಯ ಜಾಸ್ತಿ. ನೋವೇ ಇರುವುದಿಲ್ಲ, ಅದೇ ಮೋಸ! ಬೆಳಗ್ಗೆ ಎದ್ದಾಗ ಒಂದು ಕಣ್ಣಿನಲ್ಲಿ ಅರ್ಧ ಭಾಗ, ಬಹಳ ಸಲ ಕೆಳಗಿನ ಅರ್ಧ, ಕಪ್ಪಾಗಿರುತ್ತದೆ. ಇನ್ನೊಂದು ಕಣ್ಣು ಚೆನ್ನಾಗಿರುವುದರಿಂದ ರೊಟ್ಟಿ ಬಡಿಯುವುದು, ಹಾಲು ಕರೆಯುವುದು ನಡೆದೇ ಇರುತ್ತದೆ. ನಂದಿಬಟ್ಟಲ ಹೂವಿನ ರಸ ಬಿಟ್ಟು ನೋಡೋಣ, ಹರಳೆಣ್ಣೆ ಹಾಕೋಣ ಅಂತ ವಾರ ಕಳೆಯುತ್ತಾರೆ. ಹಿಂದಿನ ನರಕ್ಕೆ ಅದು ಮುಟ್ಟುವುದೇ ಇಲ್ಲ ಕಣ್ರಮ್ಮ.

ಸತ್ಯ ಹೇಳಬೇಕು. ಹೀಗೆ ಹೋದ ದೃಷ್ಟಿಯನ್ನು ಖಂಡಿತ ತರುವ ಔಷಧ ಇವತ್ತಿಗೂ ಇಲ್ಲ. "ಹಾಗಾದ್ರೆ ಓಡಿ ಹೋಗಿ ಏನು ಪ್ರಯೋಜನ, ಸಿಸ್ಟರ್?" ಅಂತ ಕೇಳಬಹುದು. ಪ್ರಯೋಜನ ಇದೆ. ಬಿ.ಪಿ., ಸಕ್ಕರೆ ಹತೋಟಿಗೆ ತಂದು ಇನ್ನೊಂದು ಕಣ್ಣನ್ನು ಕಾಯಬೇಕು. ಅದಲ್ಲದೆ ನಮ್ಮಲ್ಲಿ ಅಪರೂಪವಾದ ಇನ್ನೊಂದು ಬಗೆ ಇದೆ: ರಕ್ತನಾಳವೇ ಉರಿಯೂತದಿಂದ ಊದುವುದು. ಹೊಸದಾಗಿ ಶುರುವಾದ ತಲೆನೋವು, ತಲೆ ಬಾಚಿದರೆ ನೋವು, ಅಗಿಯುವಾಗ ದವಡೆ ನೋವು ಇದರ ಗುರುತು. ತಕ್ಷಣ ಸ್ಟೀರಾಯ್ಡ್ ಕೊಡದಿದ್ದರೆ ಕೆಲವೇ ದಿನಗಳಲ್ಲಿ ಎರಡನೇ ಕಣ್ಣೂ ಹೋಗಬಹುದು. ಯಾವುದು ಯಾವುದೆಂದು ಮನೆಯಲ್ಲಿ ಕೂತು ಹೇಳಲಾಗದು.

ಬಿ.ಪಿ. ಮಾತ್ರೆ ಬಗ್ಗೆ ಒಂದು ಮಾತು. ಪಂಜಾಬಿನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ದುಡಿದ ಡಾ. ಸೋಹನ್ ಸಿಂಗ್ ಹೇರೆಯವರು ಈ ನರದ ರಕ್ತ ಸಂಚಾರವನ್ನೇ ದಶಕಗಟ್ಟಲೆ ಅಭ್ಯಾಸ ಮಾಡಿದರು. ನಿದ್ದೆಯಲ್ಲಿ ಬಿ.ಪಿ. ತಾನಾಗಿ ಇಳಿಯುತ್ತದೆ, ಮಲಗುವಾಗ ಮಾತ್ರೆ ನುಂಗಿದರೆ ಅತಿಯಾಗಿ ಇಳಿದು ನರಕ್ಕೆ ರಕ್ತ ಸಾಲದೆ ಹೋಗಬಹುದು ಎಂದು 1994ರಲ್ಲಿ ಬರೆದರು. ಎಲ್ಲ ವೈದ್ಯರೂ ಇದನ್ನು ಒಪ್ಪುವುದಿಲ್ಲ. ಆದ್ದರಿಂದ ನೀವಾಗಿ ಮಾತ್ರೆ ಬಿಡಬೇಡಿ, ಹೊತ್ತೂ ಬದಲಿಸಬೇಡಿ. "ಡಾಕ್ಟ್ರೇ, ಇದನ್ನು ಯಾವ ಹೊತ್ತಿಗೆ ತಗೊಳ್ಳಲಿ?" ಅಂತ ಕೇಳಿ, ಅಷ್ಟೇ.

ಒಂದು ಕಣ್ಣು ದಿಢೀರನೆ ಮಂಜಾದರೆ ಅದೇ ದಿನ ಹೊರಡಬೇಕು. ನ್ಯಾಮತಿಯಿಂದ ನಮಗೆ ದಾವಣಗೆರೆಗಿಂತ ಶಿವಮೊಗ್ಗ ಹತ್ತಿರ, ಅಲ್ಲಿ ಸರ್ಕಾರಿ ಮೆಗ್ಗಾನ್ ಆಸ್ಪತ್ರೆ ಇದೆ. ಬಸ್ ಚಾರ್ಜಿಗೆ, ಪರೀಕ್ಷೆಗೆ ಕೈಯಲ್ಲಿ ದುಡ್ಡಿಲ್ಲ ಅಂತ ಯಾರೂ ಮುಂದಿನ ವಾರದ ಸಭೆವರೆಗೆ ಕಾಯಬಾರದು. ಇಂಥದ್ದಕ್ಕೆ ಪ್ರತಿನಿಧಿಗಳು ಅದೇ ದಿನ ಸಾಲ ಕೊಡಬಹುದು ಎಂದು ಪ್ರತಿ ಸಂಘವೂ ನಿರ್ಣಯ ಪುಸ್ತಕದಲ್ಲಿ ಮೊದಲೇ ಬರೆದಿಡಲಿ. ಮಗನ ಫೀಸಿಗೆ, ಎಮ್ಮೆಗೆ ಸಾಲ ಕೇಳುವ ನಾವು ನಮ್ಮ ಕಣ್ಣಿಗೆ ಕೇಳಲು ಯಾಕೆ ಹಿಂಜರಿಯಬೇಕು?

ಈಗ ಎಲ್ಲರೂ ಬಲಗಣ್ಣು ಮುಚ್ಚಿ ಎದುರಿನ ಗೋಡೆಯ ಕ್ಯಾಲೆಂಡರ್ ನೋಡಿ. ಆಮೇಲೆ ಎಡಗಣ್ಣು ಮುಚ್ಚಿ. ಎರಡರಲ್ಲೂ ಮೇಲೆ-ಕೆಳಗೆ ಒಂದೇ ಥರ ಕಾಣದವರು ಊಟಕ್ಕೆ ಮುಂಚೆ ನಮಗೆ ಹೇಳಿ.