ಹೃದಯಧಮನಿಗಳ ರಕ್ತಪ್ರವಾಹವನ್ನು ಅರಿಯುವ ಬಗೆ



ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಸೀಮೆಯ ರೈತರಿಗೆ ಕಾಲುವೆಯ ಮರ್ಮವನ್ನು ಹೊಸದಾಗಿ ತಿಳುಹಬೇಕಾದುದಿಲ್ಲ. ಕಾಲುವೆಯು ಒಂದೆಡೆ ಹೂಳಿನಿಂದ ಕಿರಿದಾದರೂ ಕಡೆಯ ಗದ್ದೆಗೆ ನೀರು ಸಾಲುವುದುಂಟು. ನೋಟಕ್ಕೆ ಅಗಲವಾಗಿದ್ದರೂ ಸಾಲದಿರುವುದುಂಟು. ಹೃದಯವನ್ನು ಪೋಷಿಸುವ ಧಮನಿಗಳಲ್ಲಿಯೂ ವೈದ್ಯರು ಬಹುಕಾಲ ಕಾಲುವೆಯ ಅಗಲವನ್ನೇ ನೋಡಿದರು.

ಆ ಧಮನಿಗಳೊಳಕ್ಕೆ ನೇರವಾಗಿ ಔಷಧಿಯನ್ನು ಬಿಟ್ಟು ಚಿತ್ರ ತೆಗೆಯುವ ಕ್ರಮವು 1958ರಲ್ಲಿ ಅಮೆರಿಕದ ಮೇಸನ್ ಸೋನ್ಸ್ ಎಂಬ ವೈದ್ಯರಿಂದ ಮೊದಲಾಯಿತು. ಆಂಜಿಯೋಗ್ರಾಂ ಎಂಬ ಈ ಪರೀಕ್ಷೆಗೆ ತೊಡೆಯಿಂದಲೋ ಮಣಿಕಟ್ಟಿನಿಂದಲೋ ಸಣ್ಣ ನಳಿಗೆಯನ್ನು ಹೃದಯದವರೆಗೆ ಸೇರಿಸಬೇಕು. ತರುವಾಯ ಒತ್ತಡವನ್ನಳೆಯುವ ತಂತಿಯು ಬಂದಿತು. ಅಡಚಣೆಯ ಆಚೆಯ ಒತ್ತಡವು ಈಚೆಯದರ 0.80 ಪಾಲು ಅಥವಾ ಅದಕ್ಕೂ ಕಡಮೆಯಾದರೆ ಆ ಅಡಚಣೆಯು ಬಾಧಕವೆಂದು ಗಣನೆ.

ಈಗ ನಳಿಗೆಯಿಲ್ಲದೆಯೂ ಇದನ್ನು ತಿಳಿಯಬಹುದು. ಸಿಟಿ ಆಂಜಿಯೋಗ್ರಾಂನಲ್ಲಿ ತೋಳಿನ ರಕ್ತನಾಳಕ್ಕೆ ಅಯೋಡಿನ್ ಬೆರೆತ ಔಷಧಿಯನ್ನು ಕೊಟ್ಟು, ಕೆಲವು ಕ್ಷಣ ಉಸಿರು ಹಿಡಿಸಿ ಚಿತ್ರವನ್ನು ತೆಗೆಯುವರು. ನಾಡಿಯ ವೇಗ ಹೆಚ್ಚಿದ್ದರೆ ಮೊದಲು ಮಾತ್ರೆಯಿಂದ ತಗ್ಗಿಸುವರು. ಧಮನಿಯು ಶುದ್ಧವಾಗಿ ಕಂಡರೆ ನಿಶ್ಚಿಂತೆಯಾಗಿರಬಹುದು. ಸುಣ್ಣ ಕಟ್ಟಿದ ಧಮನಿಯಲ್ಲಿ ಮಾತ್ರ ಅಡಚಣೆಯು ಇದ್ದುದಕ್ಕಿಂತ ಹಿರಿದಾಗಿ ತೋರುವುದು. ಅದೇ ಚಿತ್ರದಿಂದ ಒತ್ತಡದ ಪಾಲನ್ನು ಗಣಕಯಂತ್ರವೇ ಲೆಕ್ಕ ಹಾಕುವ ವಿಧಾನಕ್ಕೆ 2014ರಲ್ಲಿ ಅಮೆರಿಕದ ಸರ್ಕಾರವು ಸಮ್ಮತಿಯಿತ್ತಿತು. ವೆಚ್ಚ ಹೆಚ್ಚು, ಎಲ್ಲ ಆಸ್ಪತ್ರೆಗಳಲ್ಲಿ ದೊರೆಯತಕ್ಕದ್ದೂ ಅಲ್ಲ. ಮೂತ್ರಪಿಂಡದ ವ್ಯಾಧಿಯುಳ್ಳವರೂ ಗರ್ಭಿಣಿಯರೂ ಅಯೋಡಿನ್ ಒಗ್ಗದವರೂ ಮುಂಚಿತವಾಗಿಯೇ ವೈದ್ಯರಿಗೆ ತಿಳಿಸತಕ್ಕದ್ದು.

ಗದ್ದೆಯನ್ನೇ ನೋಡುವ ಪರೀಕ್ಷೆಗಳೂ ಉಂಟು. ಕಿಂಚಿತ್ ವಿಕಿರಣವುಳ್ಳ ದ್ರವ್ಯವನ್ನು ರಕ್ತಕ್ಕೆ ಸೇರಿಸಿ, ಹೃದಯದ ಯಾವ ಭಾಗಕ್ಕೆ ರಕ್ತ ಸಾಲದೆಂದು ಕಾಣುವುದೊಂದು. ಇನ್ನೊಂದು, ರೋಗಿಯನ್ನು ನಡೆಯಿಸಿ ಅಥವಾ ಔಷಧಿಯಿಂದ ಹೃದಯವನ್ನು ದುಡಿಯಿಸಿ, ಶಬ್ದತರಂಗದಿಂದ ಅದರ ಚಲನೆಯನ್ನು ನೋಡುವ ಎಕೋ ಪರೀಕ್ಷೆ. ಇದರಲ್ಲಿ ವಿಕಿರಣವಿಲ್ಲ. ಹೊಸ ಯಂತ್ರದ ಬೆರಗಿನಲ್ಲಿ ಜನರು ಇದನ್ನು ಕಡೆಗಣಿಸುವುದು ಸರಿಯಲ್ಲ. ಅನುಭವಿಯಾದ ವೈದ್ಯನ ಕಣ್ಣಿದ್ದಲ್ಲಿ ಇದರಿಂದಲೇ ಎಷ್ಟೋ ಸಂದೇಹಗಳು ತೀರುವುವು.

ಈ ಪರೀಕ್ಷೆಗಳೆಲ್ಲ ನಡೆದಾಗ ಎದೆ ಬಿಗಿದು, ನಿಂತೊಡನೆ ಶಮನವಾಗುವ ನೋವಿನವರಿಗೆ. ಹಠಾತ್ತಾಗಿ ಹಿಡಿದು ಬಿಡದ ನೋವು, ಬೆವರು, ಎಡತೋಳಿಗೆ ಹರಿವ ಸಂಕಟ ಉಂಟಾದವರಿಗಲ್ಲ. ಪಾವಗಡದಿಂದ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಸುಮಾರು 150 ಕಿಲೋಮೀಟರು ದಾರಿ. ಅಂಥವರು ಸ್ಕ್ಯಾನಿಗೆ ದಿನ ಗೊತ್ತುಮಾಡುತ್ತ ಕೂರದೆ, ತಮ್ಮ ತಾಲ್ಲೂಕಿನ ಆಸ್ಪತ್ರೆಗೆ ಒಡನೆಯೇ ಹೋಗಿ ಇಸಿಜಿ ಮಾಡಿಸತಕ್ಕದ್ದು. ಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದು ಮೊದಲ ಕೆಲವು ಗಂಟೆಗಳಲ್ಲಿಯೇ ಹೆಚ್ಚು ಫಲವನ್ನು ಕೊಡುವುದು.