ಮೂರನೇ ತಿಂಗಳ ಮಾತ್ರೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು, ವೈದ್ಯನಲ್ಲ. ಆದರೂ ಔಷಧಿಯ ಬಗ್ಗೆ ಮಾತನಾಡಲು ಒಪ್ಪಿಕೊಂಡಿದ್ದೇನೆ. ಏಕೆಂದರೆ ಔಷಧಿಯನ್ನು ಅರ್ಧಕ್ಕೆ ಬಿಟ್ಟವರಲ್ಲಿ ನಾನೂ ಒಬ್ಬ.

2018ರಲ್ಲಿ ನನಗೆ ಕ್ಷಯ ಬಂತು. ಬಿ.ಇಡಿ. ಮುಗಿಸಿ ಒಂದು ಖಾಸಗಿ ಶಾಲೆಗೆ ಆಗಷ್ಟೇ ಸೇರಿದ್ದೆ. ಎರಡು ವಾರ ಬಿಡದ ಕೆಮ್ಮು, ಸಂಜೆಯ ಜ್ವರ. ಕಫ ಪರೀಕ್ಷೆಯಲ್ಲಿ ರೋಗ ಖಚಿತವಾಯಿತು. ಆರು ತಿಂಗಳು ದಿನಾ ಮಾತ್ರೆ, ಎಲ್ಲವೂ ಸರ್ಕಾರದಿಂದ ಉಚಿತ. ಮೊದಲ ಎರಡು ತಿಂಗಳು ನಾಲ್ಕು ಬಗೆಯ ಔಷಧಿ, ಆಮೇಲಿನ ನಾಲ್ಕು ತಿಂಗಳು ಮೂರು ಬಗೆ. ಇಷ್ಟನ್ನು ಆರೋಗ್ಯ ಕೇಂದ್ರದವರು ಚೆನ್ನಾಗಿಯೇ ತಿಳಿಸಿದ್ದರು. ನನಗೆ ತಿಳಿವಳಿಕೆ ಇರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ಮೊದಲ ತಿಂಗಳಲ್ಲೇ ಜ್ವರ ಹೋಯಿತು. ಎರಡನೇ ತಿಂಗಳಿಗೆ ತೂಕ ಏರಿತು, ಊಟ ರುಚಿಸಿತು. ಮೂರನೇ ತಿಂಗಳಲ್ಲಿ ನಾನು ಮಾತ್ರೆ ನಿಲ್ಲಿಸಿಬಿಟ್ಟೆ. ಮರೆತದ್ದಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿದರೆ ಮೊದಲನೇ ಪೀರಿಯಡ್ಡಿನಲ್ಲಿ ವಾಕರಿಕೆ. ಮುಂದಿನ ಮಾತ್ರೆ ತರಲು ಆರೋಗ್ಯ ಕೇಂದ್ರಕ್ಕೆ ಹೋಗಬೇಕು, ಅದು ತೆರೆಯುವುದೂ ಶಾಲೆಯ ಗಂಟೆ ಬಾರಿಸುವುದೂ ಒಂದೇ ಹೊತ್ತಿಗೆ. ಮುಖ್ಯೋಪಾಧ್ಯಾಯರ ಹತ್ತಿರ ಒಂದು ಗಂಟೆ ರಜೆ ಕೇಳಿದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಕೆಲಸ ಉಳಿಯುತ್ತದೆಯೇ? ಎಲ್ಲಕ್ಕಿಂತ ಹೆಚ್ಚಾಗಿ, ನಾನು ಗುಣವಾಗಿದ್ದೇನೆ ಎಂದು ನನ್ನ ಮೈಯೇ ಹೇಳುತ್ತಿತ್ತು.

ನಮ್ಮ ಬೀದಿಗೆ ಬರುತ್ತಿದ್ದ ಆಶಾ ಅಕ್ಕ ಒಂದು ಸಂಜೆ ಕೇಳಿದರು, "ಮೂತ್ರ ಕೆಂಪಗೆ ಹೋಗ್ತಾ ಇದೆಯಾ ಸರ್?"

"ಹೋಗ್ತಾ ಇದೆ ಅಕ್ಕ" ಎಂದೆ. ಸುಳ್ಳು. ರಿಫಾಂಪಿಸಿನ್ ಎಂಬ ಔಷಧಿ ಒಳಗೆ ಹೋದರೆ ಮೂತ್ರಕ್ಕೆ ಕಿತ್ತಳೆಗೆಂಪು ಬಣ್ಣ ಬರುತ್ತದೆ. ಮಕ್ಕಳು ಹೋಂವರ್ಕ್ ಮಾಡದೆ "ಮಾಡಿದ್ದೀನಿ ಸರ್" ಅನ್ನುವಾಗಿನ ಮುಖ ನನಗೆ ಚೆನ್ನಾಗಿ ಗೊತ್ತು. ಅಂದು ಆಕೆಗೂ ನನ್ನ ಮುಖ ಗೊತ್ತಾಗಿರಬೇಕು.

ಈ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ ಎಂದು ಆಮೇಲೆ ಓದಿ ತಿಳಿದೆ. ಹಿಂದೆ ಕ್ಷಯ ಬಂದವರನ್ನು ಸ್ಯಾನಿಟೋರಿಯಂಗೆ ಸೇರಿಸಿ ತಿಂಗಳುಗಟ್ಟಲೆ ಮಲಗಿಸುತ್ತಿದ್ದರು. 1956ರಲ್ಲಿ ಮದರಾಸಿನಲ್ಲಿ ಒಂದು ಅಧ್ಯಯನ ಶುರುವಾಯಿತು. ಕೆಲವು ರೋಗಿಗಳನ್ನು ಸ್ಯಾನಿಟೋರಿಯಂನಲ್ಲಿ, ಕೆಲವರನ್ನು ಅವರ ಇಕ್ಕಟ್ಟಾದ ಬಡ ಮನೆಗಳಲ್ಲೇ ಇಟ್ಟು ಒಂದು ವರ್ಷ ಒಂದೇ ಔಷಧಿ ಕೊಟ್ಟರು. 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಹಾಗಾದರೆ ಬೇಕಾದದ್ದು ಹಾಸಿಗೆಯಲ್ಲ, ಬಿಡದೆ ನುಂಗುವ ಮಾತ್ರೆ. ಆದರೆ ಮನೆಗೆ ಕೊಟ್ಟ ಮಾತ್ರೆ ಹೊಟ್ಟೆಗೆ ಹೋಯಿತೋ ಇಲ್ಲವೋ ತಿಳಿಯುವುದು ಹೇಗೆ? ಅವರು ಹೇಳದೆ ಕೇಳದೆ ಮನೆಗೆ ಹೋಗಿ ಮಾತ್ರೆ ಎಣಿಸಿದರು, ಮೂತ್ರ ಪರೀಕ್ಷೆ ಮಾಡಿದರು. ಇನ್ನೊಬ್ಬರ ಕಣ್ಣೆದುರೇ ನುಂಗಿಸುವ ಪದ್ಧತಿ ಬೆಳೆದು ಬಂದದ್ದು ಇಂಥ ಅನುಭವದಿಂದ. 1997ರಿಂದ ನಮ್ಮ ದೇಶದ ಕಾರ್ಯಕ್ರಮದಲ್ಲಿ ಅದೇ 'ಡಾಟ್ಸ್' ಎಂಬ ಹೆಸರಿನಲ್ಲಿ ಬಂತು.

ವಿದ್ಯಾರ್ಥಿಗಳೇ, ಗುಣವಾದ ಮೇಲೂ ಏಕೆ ನುಂಗಬೇಕು ಎಂದು ಕೇಳುತ್ತೀರಿ. ಔಷಧಿ ಮೊದಲು ಕೊಲ್ಲುವುದು ಚುರುಕಾಗಿ ಬೆಳೆಯುವ ರೋಗಾಣುಗಳನ್ನು. ಅವು ಸತ್ತೊಡನೆ ಕೆಮ್ಮು, ಜ್ವರ ಹೋಗುತ್ತವೆ. ಆದರೆ ಮಲಗಿದಂತೆ ಬಿದ್ದಿರುವ ಕೆಲವು ಉಳಿದಿರುತ್ತವೆ. ಉಳಿದ ತಿಂಗಳ ಮಾತ್ರೆ ಇರುವುದೇ ಅವುಗಳಿಗಾಗಿ. ನಡುವೆ ಬಿಟ್ಟರೆ ರೋಗ ಮರಳುತ್ತದೆ, ಬಿಟ್ಟು ಬಿಟ್ಟು ನುಂಗಿದರೆ ಔಷಧಿಗೆ ಬಗ್ಗದ ಕ್ಷಯವೇ ಹುಟ್ಟಬಹುದು. ಅದು ನಮ್ಮಿಂದ ನಮ್ಮ ಮನೆಯ ಮಗುವಿಗೂ ಹರಡಬಲ್ಲದು. ಅಂಥ ಕ್ಷಯಕ್ಕೆ ಮೊದಲೆಲ್ಲ ಒಂದೂವರೆ ವರ್ಷಕ್ಕೂ ಮೀರಿ ಚಿಕಿತ್ಸೆ ಬೇಕಾಗುತ್ತಿತ್ತು. 2024ರಲ್ಲಿ ಆರು ತಿಂಗಳ ಹೊಸ ಕ್ರಮಕ್ಕೆ ನಮ್ಮ ದೇಶದಲ್ಲಿ ಒಪ್ಪಿಗೆ ದೊರೆತಿದೆ, ಆದರೆ ಅದು ಎಲ್ಲರಿಗೂ ಹೊಂದುವುದಿಲ್ಲ.

ನಾನು ಹದಿನೆಂಟು ದಿನ ಬಿಟ್ಟಿದ್ದೆ. ಅಮ್ಮಿ ಹಾಸಿಗೆ ಕೊಡವುವಾಗ ತಲೆದಿಂಬಿನ ಕೆಳಗಿನ ತುಂಬಿದ ಪಟ್ಟಿಗಳು ನೆಲಕ್ಕೆ ಬಿದ್ದವು. ಆಕೆಗೆ ಓದು ಬಾರದು, ಎಣಿಕೆ ಬರುತ್ತದೆ. ಬೈಯಲಿಲ್ಲ. ನೇರವಾಗಿ ಆಶಾ ಅಕ್ಕನ ಮನೆಗೆ ಹೋದರು. ಮರುದಿನ ಮತ್ತೆ ಕಫ ಪರೀಕ್ಷೆ. ಔಷಧಿಗೆ ರೋಗ ಬಗ್ಗುತ್ತದೆಯೋ ಇಲ್ಲವೋ ಎಂದು ಹೇಳುವ ಯಂತ್ರದ ವರದಿಗಾಗಿ ಬೆಂಚಿನ ಮೇಲೆ ಕುಳಿತಿದ್ದ ಆ ಹೊತ್ತಿನ ಬಗ್ಗೆ ನಾನು ಹೆಚ್ಚು ಹೇಳಲಾರೆ. ಬಗ್ಗುತ್ತದೆ ಎಂದು ಬಂತು. ಬಚಾವಾದೆ.

ವೈದ್ಯರು ನನ್ನನ್ನು ಗದರಿಸುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, "ನಿಮ್ಮ ಶಾಲೆ ಎಷ್ಟು ಗಂಟೆಗೆ?" ವಾಕರಿಕೆಗೆ ಬೇರೆ ಔಷಧಿ ಬರೆದು, ಲಘು ಆಹಾರದ ಜೊತೆ ನುಂಗಲು ಹೇಳಿದರು. ಮುಂದಿನ ಮಾತ್ರೆಗಳನ್ನು ಆಶಾ ಅಕ್ಕ ಸಂಜೆ ಮನೆಗೇ ತಂದುಕೊಟ್ಟರು. ಮೂರು ತಿಂಗಳು ನಾನು ಹೊತ್ತಿದ್ದ ಭಾರ ಒಂದು ಪ್ರಶ್ನೆಯಿಂದ ಇಳಿಯಿತು. ನಾನೇ ಮೊದಲು ಬಾಯಿಬಿಟ್ಟಿದ್ದರೆ!

ಇಲ್ಲಿ ಗ್ಯಾರೇಜಿನಲ್ಲಿ ದುಡಿಯುವವರಿದ್ದೀರಿ, ಬೀಡಿ ಕಟ್ಟುವ ತಾಯಂದಿರಿದ್ದೀರಿ, ಆಟೋ ಓಡಿಸುವವರಿದ್ದೀರಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರ ಕಥೆಯೂ ಬಹುತೇಕ ಇದೇ. ಮುಂದುವರಿದ ದೇಶಗಳಲ್ಲೇ ದೀರ್ಘಕಾಲದ ಕಾಯಿಲೆಯವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಹೇಳಿದ ಹಾಗೆ ಔಷಧಿ ತೆಗೆದುಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಬರೆದಿದೆ. ಆದ್ದರಿಂದ ಬಿಟ್ಟವರನ್ನು ದಡ್ಡರೆಂದು ಯಾರೂ ಹಂಗಿಸಬೇಡಿ. ಕಣ್ಣು ಮಂಜಾದರೆ, ಮೈ ಹಳದಿಯಾದರೆ ಅಂದೇ ವೈದ್ಯರ ಬಳಿಗೆ ಓಡಿ. ವಾಕರಿಕೆಯಂಥ ತೊಂದರೆಗೆ ನೀವಾಗಿಯೇ ಮಾತ್ರೆ ನಿಲ್ಲಿಸದೆ ಅವರಿಗೆ ಹೇಳಿ. ರಂಜಾನ್ ಬರುವ ಮೊದಲೇ ಮಾತ್ರೆಯ ವೇಳೆ ಕೇಳಿಕೊಳ್ಳಿ, ರೋಗಿಗೆ ಉಪವಾಸವನ್ನು ಆಮೇಲೆ ಪೂರೈಸುವ ರಿಯಾಯಿತಿ ಇದೆ ಎಂಬುದು ನಿಮಗೇ ಗೊತ್ತು. ಕ್ಷಯದ ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಗಿದೆ. ಬ್ಯಾಂಕ್ ಖಾತೆಯ ವಿವರ ಕೊಡಲು ನಾಚಬೇಡಿ.

ಮಾಲೀಕರಾದ ಹಿರಿಯರಲ್ಲಿ ಒಂದು ವಿನಂತಿ. ನಿಮ್ಮ ಕೆಲಸಗಾರ ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕೆಂದರೆ ಆ ಅರ್ಧ ದಿನದ ಕೂಲಿ ಹಿಡಿಯಬೇಡಿ. ಔಷಧಿ ಸರಿಯಾಗಿ ನಡೆಯುತ್ತಿದ್ದರೆ ಕೆಲವೇ ವಾರಗಳಲ್ಲಿ ಆತನಿಂದ ರೋಗ ಹರಡುವ ಭಯ ತೀರಾ ಕಡಿಮೆಯಾಗುತ್ತದೆ. ಭಯಪಡಬೇಕಾದದ್ದು ಆತ ಮುಚ್ಚಿಟ್ಟಾಗ.

ನನ್ನ ಆರು ತಿಂಗಳು ಏಳು ತಿಂಗಳಾಗಿ ಮುಗಿಯಿತು. ಈಗ ನಮ್ಮ ಶಾಲೆಯ ಒಬ್ಬ ಪೋಷಕರು ಮಗಳನ್ನು ಬಿಡಲು ಬಂದಾಗ ಗೇಟಿನ ಹತ್ತಿರ ಜೇಬಿನಿಂದ ಪಟ್ಟಿ ತೆಗೆದು, ನನ್ನ ಬಾಟಲಿಯ ನೀರಿನಲ್ಲೇ ಮಾತ್ರೆ ನುಂಗಿ ಗ್ಯಾರೇಜಿಗೆ ಹೋಗುತ್ತಾರೆ. ಇದು ಅವರ ಐದನೇ ತಿಂಗಳು. ನಾನು ಬಣ್ಣದ ಪ್ರಶ್ನೆ ಕೇಳುತ್ತೇನೆ, ಅವರು ನಗುತ್ತಾ ತಲೆಯಾಡಿಸಿ ಗಾಡಿ ಒದೆಯುತ್ತಾರೆ.